ಹಿಟ್ಟು ಕಳುಹಿಸಿದ ವ್ಯಾಪಾರಿ

ಸಂಸ್ಕೃತ ಪಂಡಿತ ನಿಜಗುಣಯ್ಯನವರ ಶಿಷ್ಯರೊಬ್ಬರ ದಿನಚರಿಯಲ್ಲಿ ೧೯೭೧ರ ಏಪ್ರಿಲ್ ೧೮, ಭಾನುವಾರ ಎಂದಿರುವ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ.

“ಗುರುಗಳೇ, ಚಿಕ್ಕಂದಿನಲ್ಲಿ ಮನಸ್ಸಿಟ್ಟು ಮಾಡುತ್ತಿದ್ದ ಕೆಲಸಕ್ಕೆ ಓದೆಲ್ಲ ಮುಗಿದು ಬಿಡುವಾದ ಮೇಲೆ ಮರಳಿದರೆ ಆಗದೇ?”

ಕೇಳಿದವಳು ಬಿ.ಎ. ಓದುತ್ತಿದ್ದ ಗಂಗಾಂಬಿಕೆ. ರಜೆಯಲ್ಲಿ ನಿಜಗುಣಯ್ಯನವರ ಬಳಿ ಸಂಸ್ಕೃತ ಪಾಠಕ್ಕೆ ಬರುತ್ತಿದ್ದಳು. ಹಿಂದೆಲ್ಲ ರಜೆ ಬಂತೆಂದರೆ ದೊಡ್ಡಮ್ಮನ ಎದುರು ಕೂತು ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದೇ ಅವಳ ಆಟ. ಕಾಲೇಜು ಸೇರಿದ ಮೇಲೆ ಬಿಡುವೆಂದರೆ ಮುಂದಿನ ಪರೀಕ್ಷೆಗೆ ಓದುವ ಹೊತ್ತು ಎಂದಾಯಿತು. ಈ ಸಲವೂ ದೊಡ್ಡಮ್ಮ ‘ಬಂದು ಹೋಗು’ ಎಂದು ಹೇಳಿಕಳುಹಿಸಿದ್ದರು. ಹೋಗಲು ಆಸೆ. ಹೋದರೆ ಮೊದಲ ದರ್ಜೆ ಕೈತಪ್ಪೀತೆಂಬ ಭಯ.

ಗುರುಗಳು ಪುಸ್ತಕ ಮುಚ್ಚಿ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಚಿಕ್ಕವನಾಗಿದ್ದಾಗ ಅವನನ್ನು ಸಾಕಿದವಳು ಸೋದರತ್ತೆ. ಅವಳು ಬೆಳಗಿನ ಜಾವ ಜೋಳ ಬೀಸಲು ಕೂತರೆ ಹುಡುಗನೂ ಎದ್ದು ಬಂದು ಕಲ್ಲಿನ ಗೂಟಕ್ಕೆ ಕೈ ಹಚ್ಚುತ್ತಿದ್ದ. ಅತ್ತೆ ಹಾಡುತ್ತಿದ್ದಳು, ಹುಡುಗ ಸೊಲ್ಲು ಎತ್ತುತ್ತಿದ್ದ. ಅಣ್ಣನ ಮನೆಗೆ ಒಬ್ಬಳೇ ಹೊರಟ ತಂಗಿಯ ಹಾಡೆಂದರೆ ಅವನಿಗೆ ಜೀವ. ಆದರೆ ತಂಗಿ ಹೊಳೆಯ ದಂಡೆಗೆ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತುತ್ತಿತ್ತು. ಮುಂದಿನದನ್ನು ಅವನು ಒಂದು ದಿನವೂ ಕೇಳಲಿಲ್ಲ.

ದೊಡ್ಡವನಾಗಿ ಪೇಟೆಯಲ್ಲಿ ಅಂಗಡಿ ಇಟ್ಟ. ವ್ಯಾಪಾರ ಕೈಹಿಡಿಯಿತು. ಅವನು ಊರಿಗೆ ಬಂದಾಗಲೆಲ್ಲ ಅತ್ತೆ ಬೀಸುವ ಕಲ್ಲಿನ ಮುಂದೆ ಮಣೆ ಹಾಕುತ್ತಿದ್ದಳು.

“ಬಾರೋ ಸಾವುಕಾರ, ಒಂದು ಕೈ ಹಚ್ಚು. ಹೊಳೆ ದಾಟೋಣ. ಇವತ್ತಾದರೂ ತೂಕಡಿಸಬೇಡ.”

“ಈಗ ಕೂತರೆ ಸಂತೆ ತಪ್ಪುತ್ತದೆ ಅತ್ತೆ. ಬಿಡುವು ಮಾಡಿಕೊಂಡು ಬರುತ್ತೇನೆ, ಆಗ ಇಡೀ ಹಾಡು ಹಾಡುವಿಯಂತೆ. ಅಲ್ಲಿಯವರೆಗೆ ಈ ಕಲ್ಲಿನ ಜೊತೆ ಗುದ್ದಾಡಿ ರಟ್ಟೆ ಸವೆಸಬೇಡ. ಹಿಟ್ಟು ನಾನು ಕಳುಹಿಸುತ್ತೇನೆ.”

“ಕೈ ಸುಮ್ಮನಾದರೆ ಬಾಯಿಯೂ ಸುಮ್ಮನಾಗುತ್ತದಪ್ಪಾ.”

“ಸುಮ್ಮನಾಗುವ ಬಾಯಿಯೇ ನಿನ್ನದು?” ಎಂದು ಅವನು ನಕ್ಕ.

ಅವನದು ಬರಿಯ ಬಾಯಿಮಾತಲ್ಲ. ಗಿರಣಿಯಲ್ಲಿ ಬೀಸಿಸಿದ ಹಿಟ್ಟು ತಿಂಗಳು ತಪ್ಪದೆ ಬಂತು. ಹೆತ್ತ ಮಗನೂ ಹೀಗೆ ನೋಡಿಕೊಳ್ಳುವುದಿಲ್ಲವೆಂದು ಊರವರು ಹೊಗಳಿದರು. ಅತ್ತೆ ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿಟ್ಟಳು. ಸುಮ್ಮನೆ ಕೂತು ಹಾಡುವುದು ಆ ಮನೆಯ ಹೆಂಗಸರಿಗೆ ಗೊತ್ತಿರಲಿಲ್ಲ. ಕಲ್ಲು ತಿರುಗಿದರೆ ಹಾಡು ಬರುತ್ತಿತ್ತು, ಕಲ್ಲು ನಿಂತರೆ ಹಾಡೂ ನಿಲ್ಲುತ್ತಿತ್ತು.

ವರ್ಷಗಳು ಕಳೆದವು. ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿ ವ್ಯಾಪಾರಿ ಊರಿಗೆ ಬಂದ. ಈಗ ಅವನಿಗೆ ಬಿಡುವೋ ಬಿಡುವು. ಅತ್ತೆ ಹಣ್ಣುಹಣ್ಣು ಮುದುಕಿಯಾಗಿದ್ದಳು. “ಹಾಡು ಅತ್ತೆ” ಎಂದ. ಅವಳು ಬಾಯಿ ತೆರೆದಳು. ಒಂದು ಸೊಲ್ಲೂ ಬರಲಿಲ್ಲ.

ಕಲ್ಲು ತಿರುಗಿದರೆ ನೆನಪಾದೀತೆಂದು ಅವನು ಕಲ್ಲನ್ನು ಒರೆಸಿ ಕೂಡಿಸಿದ, ಜೋಳ ಹಾಕಿದ, ಅವಳ ಕೈಯನ್ನು ಗೂಟದ ಮೇಲಿಟ್ಟ. ಕೈ ಜಾರಿತು. ಮತ್ತೆ ಇಟ್ಟ. ಮತ್ತೆ ಜಾರಿತು. ಕೊನೆಗೆ ಒಬ್ಬನೇ ಬೀಸುತ್ತ ತನಗೆ ಬಂದಷ್ಟನ್ನು ಹಾಡಿದ. ಹೊಳೆಯ ದಂಡೆಗೆ ಬಂದು ನಿಂತ.

ಅತ್ತೆ ಮೊದಲ ಸಲ ಕೇಳುವವಳಂತೆ ಅವನ ಮುಖ ನೋಡಿದಳು. “ಆಮೇಲೆ ಏನಾಯಿತಪ್ಪಾ, ಆ ಹುಡುಗಿಗೆ?” ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗಂಗಾಂಬಿಕೆಗೆ ತಡೆಯಲಾಗಲಿಲ್ಲ. “ಅವನದೇನು ತಪ್ಪು ಗುರುಗಳೇ? ಅತ್ತೆ ಸುಖವಾಗಿರಲೆಂದೇ ಅಲ್ಲವೇ ಹಿಟ್ಟು ಕಳುಹಿಸಿದ್ದು? ಬಿಡುವಾದ ಕೂಡಲೇ ಬಂದೂ ಬಂದನಲ್ಲ?”

“ಬಂದನಮ್ಮಾ. ಅರ್ಧ ಹಾಡು ಅವನ ಹತ್ತಿರ ಉಳಿಯಿತು, ಇನ್ನರ್ಧ ಈಗ ಯಾರ ಹತ್ತಿರವೂ ಇಲ್ಲ.”