ಕಂಬವನ್ನು ಗದರಿದ ನಾಯಿ

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸರದಾರನೆಂಬ ಸಾಕುನಾಯಿ ಇತ್ತು. ಹುಟ್ಟಿನಿಂದಲೇ ಅವನ ಮೂತ್ರದ್ವಾರ ತುದಿಯಲ್ಲಿರದೆ ಕೆಳಭಾಗದಲ್ಲಿತ್ತು. ಅಂದರೆ, ಕಾಲೆತ್ತಿದಾಗಲೆಲ್ಲ ಕಂಬ ಒಣಗಿಯೇ ಇರುತ್ತಿತ್ತು, ಅವನ ತೊಡೆಯೇ ನೆನೆಯುತ್ತಿತ್ತು. ನೆನೆದು ನೆನೆದು ಚರ್ಮ ಕೆಂಪಾಗಿ ಉರಿಯುತ್ತಿತ್ತು. ಯಜಮಾನಿ ಪುಟ್ಟತಾಯಮ್ಮ ನೋಡಲು ಬಂದರೆ ನಾಚಿಕೊಂಡು ಕೂತುಬಿಡುತ್ತಿದ್ದ.

ಒಂದು ದಿನ ಅವನು ಬೀದಿದೀಪದ ಕಂಬವನ್ನು ಗದರಿದ: "ಏನಯ್ಯಾ, ನಾನು ಗುರಿಯಿಟ್ಟಾಗಲೆಲ್ಲ ಪಕ್ಕಕ್ಕೆ ಸರಿಯುತ್ತೀಯಲ್ಲ!"

"ನನ್ನನ್ನು ಸಿಮೆಂಟು ಹಾಕಿ ಹೂತಿದ್ದಾರೆ ಮಹಾರಾಯ, ಎಲ್ಲಿಗೆ ಸರಿಯಲಿ?" ಎಂದಿತು ಕಂಬ.

"ಹಾಗಾದರೆ ಗಾಳಿಯದೇ ತಪ್ಪು."

"ನಿನ್ನೆ ಗೋಡೆಯ ತಪ್ಪು ಎಂದಿದ್ದೆ. ತಪ್ಪು ಯಾರದೂ ಅಲ್ಲ, ನಿನ್ನದೂ ಅಲ್ಲ. ನೀನು ಹುಟ್ಟಿದ್ದೇ ಹಾಗೆ. ಪಶು ಆಸ್ಪತ್ರೆಯಲ್ಲಿ ಹೊಲಿದು ಸರಿಮಾಡುತ್ತಾರೆ. ಮೊದಲು ಪುಟ್ಟತಾಯಮ್ಮನಿಗೆ ತೋರಿಸು."

ಸಂಜೆ ಸರದಾರ ನಾಚಿಕೆ ಬಿಟ್ಟು ಅವರೆದುರು ಅಂಗಾತ ಮಲಗಿದ. "ಅಯ್ಯೋ ಕಂದಾ, ಇದನ್ನಾ ಇಷ್ಟು ದಿನ ಮುಚ್ಚಿಟ್ಟಿದ್ದು!" ಎಂದು ಪುಟ್ಟತಾಯಮ್ಮ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ, ಕೆಳಗಿನ ದ್ವಾರ ಮುಚ್ಚಿ, ದಾರಿಯನ್ನು ತುದಿಗೆ ಮುಟ್ಟಿಸಿದರು.

ಗಾಯ ಮಾಗಿದ ಮೇಲೆ ಸರದಾರ ನೇರ ಕಂಬದ ಬಳಿಗೇ ಓಡಿಬಂದು ಕಾಲೆತ್ತಿದ. ಈ ಸಲ ಗುರಿ ತಪ್ಪಲಿಲ್ಲ.

"ಉಪಕಾರ ಮಾಡಿದವನಿಗೆ ಇದಾ?" ಎಂದಿತು ನೆನೆದ ಕಂಬ.

"ಮೊದಲ ಮರ್ಯಾದೆ ನಿಮಗೇ ಸಲ್ಲಬೇಕಲ್ಲವೇ, ಗುರುಗಳೇ!" ಎಂದ ಸರದಾರ.

ಇದರ ನೀತಿಯನ್ನೂ ಬಿಡಿಸಿ ಹೇಳುತ್ತೇನೆ. ನಾಯಿ ಎಂದರೆ ನಾವು. ಕಂಬ ಎಂದರೆ ನಮಗೆ ನಿಜ ಹೇಳುವವರು. ಇನ್ನು ಆ ಕಂಬದ ಮೇಲೆ ಬಿದ್ದದ್ದು ಎಂದರೆ... ಇರಿ, ಒಳಗಿನಿಂದ ಅತ್ತಿಗೆ ಕೂಗುತ್ತಿದ್ದಾರೆ. ಬಂದೆ ಅತ್ತಿಗೇ!