ಗೆದ್ದವನ ಬಂಡೆ

"ಮೇಷ್ಟ್ರೇ, ಹೋದ ವರ್ಷಕ್ಕಿಂತ ಹೆಚ್ಚು ಈಜುತ್ತಿದ್ದೇನೆ. ಮತ್ತೆ ಯಾಕೆ ಪ್ರತಿ ಸ್ಪರ್ಧೆಯಲ್ಲೂ ಹಿಂದೆ ಬೀಳುತ್ತಿದ್ದೇನೆ?"

ಕೇಳಿದವಳು ಶಿವಲೀಲಾ. ಹೋದ ವರ್ಷ ಜಿಲ್ಲೆಯಲ್ಲಿ ಅವಳ ಮುಂದೆ ಈಜುವವರಿರಲಿಲ್ಲ. ಈ ವರ್ಷ ಅವಳ ಹಿಂದೆ ಈಜುವವರೇ ಕಡಿಮೆ. ಬರುವ ತಿಂಗಳು ರಾಜ್ಯ ತಂಡದ ಆಯ್ಕೆ. ಅಲ್ಲಿ ಸೋತರೆ ಕ್ರೀಡಾ ಹಾಸ್ಟೆಲಿನ ಸೀಟು ಹೋಗುತ್ತದೆ. ಸೀಟು ಹೋದರೆ ಈಜೂ ಹೋದ ಹಾಗೆಯೇ. ಈ ಯೋಚನೆ ತಲೆ ತಿಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೇಷ್ಟ್ರು ಈಜುಕೊಳದ ಮೆಟ್ಟಿಲ ಮೇಲೆ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟಿದ್ದರು. ಊರಿನ ಅರ್ಧ ಜನಕ್ಕೆ ಈಜು ಕಲಿಸಿದ ಮುದುಕ, ಮುಂಗೋಪಿ. ಕೆಲವು ವಾರಗಳ ಹಿಂದೆಯೇ ಅವರು ಅವಳಿಗೆ ಹೇಳಿದ್ದರು: "ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದುಬಿಟ್ಟಿದ್ದೀಯ. ಕೈಗೂ ಕಾಲಿಗೂ ಹೊಂದಿಕೆಯೇ ಇಲ್ಲ. ಸ್ವಲ್ಪ ದಿನ ಅಂಚಿನ ಲೇನಿಗೆ ಹೋಗು. ತೇಲುವ ಹಲಗೆ ಹಿಡಿದು ಕಾಲು ಬಡಿಯುವುದನ್ನು ಮೊದಲಿನಿಂದ ಕಲಿ."

ಅಂಚಿನ ಲೇನು ಈಗಷ್ಟೇ ನೀರಿಗಿಳಿದ ಚಿಕ್ಕ ಮಕ್ಕಳದು. ನಡುವಿನದು ಎಲ್ಲರಿಗಿಂತ ಜೋರಾಗಿ ಈಜುವವರದು. ಶಿವಲೀಲಾ ಹೂಂ ಅಂದಿದ್ದಳು, ಹೋಗಿರಲಿಲ್ಲ. ಈವತ್ತೂ ಬಂದ ಕೂಡಲೇ ಬಸ್ಸಿನ ಸೀಟಿಗೆ ಹಾಸುವ ಹಾಗೆ ನಡುವಿನ ಲೇನಿನ ಕಟ್ಟೆಯ ಮೇಲೆ ತನ್ನ ಟವೆಲು ಹಾಸಿ, ಆಮೇಲೆ ಮೇಷ್ಟ್ರ ಹತ್ತಿರ ಬಂದಿದ್ದಳು.

ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದು ಹೊಳೆ. ಈ ದಡದಲ್ಲಿ ಊರು, ಆ ದಡದಲ್ಲಿ ಊರಿನವರ ಹೊಲ. ಸೇತುವೆ ಇಲ್ಲ, ಇದ್ದದ್ದು ಒಂದು ದೋಣಿ. ಮಳೆಗಾಲದಲ್ಲಿ ಆ ದೋಣಿಗೆ ಹಿಡಿದು ಸಾಗಲು ದಡದಿಂದ ದಡಕ್ಕೆ ಹಗ್ಗ ಬೇಕು. ಹಗ್ಗವಿಲ್ಲದಿದ್ದರೆ ಅದು ಯಾವ ಊರಿಗೆ ಹೋಗಿ ನಿಲ್ಲುತ್ತದೋ ದೇವರೇ ಬಲ್ಲ. ಆ ಹಗ್ಗವನ್ನು ಆಚೆಗೆ ಒಯ್ಯಬೇಕಾದರೆ ಒಬ್ಬ ಈಜಲೇಬೇಕು. ಸೊಂಟಕ್ಕೆ ಸಣ್ಣ ಹುರಿ ಕಟ್ಟಿಕೊಂಡು ಹೋಗುವುದು, ಆಚೆ ನಿಂತು ಎಳೆದರೆ ಹುರಿಯ ಹಿಂದೆ ದಪ್ಪ ಹಗ್ಗ ಬರುವುದು. ಯಾರು ಒಯ್ಯಬೇಕು? ಹೊಳೆಗೆ ಹೊಸ ನೀರು ಬಂದ ಮರುದಿನ ಊರಿನ ಈಜುಗಾರರೆಲ್ಲ ಪಂದ್ಯ ಕಟ್ಟಿ ಈಜುತ್ತಿದ್ದರು. ಆಚೆ ದಡವನ್ನು ಮೊದಲು ಮುಟ್ಟಿದವನೇ ಆ ವರ್ಷದ ಹಗ್ಗದವನು.

ಗೆದ್ದವನಿಗೆ ಒಂದು ಮರ್ಯಾದೆಯೂ ಇತ್ತು. ಈ ದಡದಲ್ಲಿ ನೀರಿಗೆ ಚಾಚಿಕೊಂಡ ಒಂದು ಬಂಡೆ. ಅದು ಖಾಲಿಯಿದ್ದರೆ ಗೆದ್ದವನು ಮರುವರ್ಷದಿಂದ ಅದರ ಮೇಲಿಂದ ಧುಮುಕಬೇಕು, ಉಳಿದವರು ಪಕ್ಕದ ಕೆಸರಿನಲ್ಲಿ ನಿಂತು ಇಳಿಯಬೇಕು. ಬೇರೆಯವರು ಆ ಬಂಡೆಗೆ ಕಾಲಿಡುವ ಹಾಗಿಲ್ಲ. ಒಮ್ಮೆ ಸಿಕ್ಕಿತೆಂದರೆ ತಾನಾಗಿ ಇಳಿಯುವವರೆಗೆ ಅದು ಅವನದೇ. ಇಳಿದನೋ, ಮತ್ತೆ ಹತ್ತುವ ಹಾಗಿಲ್ಲ. ಇನ್ನೊಂದು ಕಟ್ಟಳೆಯಿತ್ತು. ಸಾಲಾಗಿ ಮೂರು ವರ್ಷ ಸೋತವನು ಮತ್ತೆಂದೂ ಪಂದ್ಯಕ್ಕೆ ಇಳಿಯಬಾರದು. ಸೋತ ತೋಳಿನವನು ಹಟಕ್ಕೆ ಬಿದ್ದು ಹೆಣವಾಗಿ ತೇಲುವುದು ಊರಿಗೆ ಬೇಡವಾಗಿತ್ತು.

ಅಲ್ಲೊಬ್ಬ ಈಜುಗಾರ. ವರ್ಷಗಟ್ಟಲೆ ಬಂಡೆಯೂ ಅವನದೇ, ಹಗ್ಗವೂ ಅವನದೇ. ಅವನು ಧುಮುಕಿದರೆ ಬಂಡೆಯ ಬುಡದ ಸೆಳವು ಅವನನ್ನು ಎತ್ತಿಕೊಂಡು ಹೋಗಿ ನಡುಹೊಳೆಗೆ ಬಿಡುತ್ತಿತ್ತು. ಕೆಸರಿನವರು ಕೈ ಬೀಸಲು ಶುರುಮಾಡುವುದರೊಳಗೆ ಇವನು ಅರ್ಧ ದಾಟಿರುತ್ತಿದ್ದ.

ಒಂದು ವರ್ಷ ಸೋತ. ಜ್ವರದಿಂದ ಎದ್ದಿದ್ದೆನಲ್ಲ, ಅದಕ್ಕೇ ಎಂದು ಸಮಾಧಾನ ಮಾಡಿಕೊಂಡ. ಮರುವರ್ಷವೂ ಸೋತ. ಈಗ ಹೇಳಿಕೊಳ್ಳಲು ಜ್ವರವೂ ಇರಲಿಲ್ಲ. ಅವನಿಗೆ ಭಯ ಹತ್ತಿತು. ಇನ್ನೊಂದು ಸೋಲು, ಅಲ್ಲಿಗೆ ಮುಗಿಯಿತು. ಹಗ್ಗದವನು ಎಂಬುದೇ ಅವನ ಹೆಸರಾಗಿತ್ತು. ಹಗ್ಗ ಬೇರೆಯವನ ಪಾಲಾದ ಮೇಲೆ ಊರು ತನ್ನನ್ನು ಏನೆಂದು ಕರೆಯುತ್ತದೆ?

ಅವನೇನು ಮಾಡಿದ ಗೊತ್ತೇ? ನೀನು ಮಾಡಿದ್ದನ್ನೇ. ಬೆಳಿಗ್ಗೆ ಈಜಿದ, ಮಧ್ಯಾಹ್ನ ಈಜಿದ, ಸಂಜೆ ಈಜಿದ. ಎಣ್ಣೆ ತಿಕ್ಕಿಸಿಕೊಂಡ. ಕಂಡಕಂಡ ದೇವರಿಗೆಲ್ಲ ಕೈ ಮುಗಿದ. ತೋಳಿನಲ್ಲಿ ಕಸುವಿಲ್ಲ ಎಂದು ತೋಳಿಗೆ ಬೈದ, ಹೆಂಡತಿಯ ಮೇಲೆ ಹರಿಹಾಯ್ದ. ಪ್ರತಿ ಸಲವೂ ಅದೇ ಬಂಡೆ ಹತ್ತಿ ಧುಮುಕಿದ, ಪ್ರತಿ ಸಲವೂ ಏದುಸಿರು ಬಿಡುತ್ತ ಮೇಲೆ ಬಂದ. ಇನ್ನೊಬ್ಬರು ಆ ಬಂಡೆ ಹತ್ತುವ ಹಾಗಿಲ್ಲವಲ್ಲ, ಹಾಗಾಗಿ ಅಲ್ಲಿಯ ನೀರು ಹೇಗಿದೆಯೆಂದು ಅವನಿಗೆ ಹೇಳುವವರೂ ಇರಲಿಲ್ಲ.

ಹೊಳೆಗೆ ಹೊಸ ನೀರು ಬಂತು. ನಾಳೆಯೇ ಪಂದ್ಯ. ಈಜುಗಾರ ಬಂಡೆಯ ಮೇಲೆ ಮಂಕಾಗಿ ಕುಳಿತಿದ್ದ. ಹೆಗಲ ಮೇಲಿನ ವಸ್ತ್ರ ಜಾರಿ ನೀರಿಗೆ ಬಿತ್ತು. ಹೋಯಿತು ಎಂದುಕೊಂಡ. ಹಿಂದೆ ಆಗಿದ್ದರೆ ಕಣ್ಣು ಮಿಟುಕಿಸುವುದರೊಳಗೆ ನಡುಹೊಳೆ ಸೇರಿರುತ್ತಿತ್ತು. ಈಗ ಅದು ಒಂದು ಸುತ್ತು ಹೊಡೆದು, ಮೆಲ್ಲಗೆ ಹಿಂದಕ್ಕೆ ಬಂದು ಬಂಡೆಯ ಬುಡಕ್ಕೆ ಅಂಟಿಕೊಂಡಿತು. ಎತ್ತಿ ಮತ್ತೆ ಎಸೆದ. ಮತ್ತೆ ಬಂತು.

ತಲೆಯೆತ್ತಿ ನೋಡಿದ. ಅವನ ಮೊದಲ ಸೋಲಿಗೂ ಹಿಂದಿನ ವರ್ಷ ದೊಡ್ಡ ನೆರೆ ಬಂದಾಗ ಬಂಡೆಯ ಮೇಲುಗಡೆ ಒಂದು ಮರಳದಿಬ್ಬ ಕೂತಿತ್ತು. ಸೆಳವು ಆ ದಿಬ್ಬವನ್ನು ಬಳಸಿ, ಬಂಡೆಯನ್ನು ಬಿಟ್ಟು, ಕೆಸರಿನ ಮುಂದಿನಿಂದ ನಡುಹೊಳೆಗೆ ಹೋಗುತ್ತಿತ್ತು. ಬಂಡೆಯ ಬುಡದಲ್ಲಿ ಉಳಿದದ್ದು ಹಿಂದಕ್ಕೆ ತಿರುಗುವ ನೀರು. ಇಷ್ಟು ದಿನ ಅವನ ಅರ್ಧ ಶಕ್ತಿ ಆ ಜಾಗ ಬಿಡುವುದಕ್ಕೇ ಸೋರಿಹೋಗಿತ್ತು. ದಿಬ್ಬವನ್ನು ಅವನು ನೋಡಿರಲಿಲ್ಲವೇ? ದಿನಾ ನೋಡುತ್ತಿದ್ದ. ತನ್ನ ಬಂಡೆ ಕೆಡಬಹುದು ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಅಯ್ಯೋ ಎಂದು ತಲೆಯ ಮೇಲೆ ಕೈ ಹೊತ್ತು ಕೂತ.

ಗೊತ್ತಾಯಿತಲ್ಲ, ಇನ್ನೇನು ಗೆದ್ದ ಎಂದುಕೊಂಡೆಯಾ? ಸುಮ್ಮನಿರು. ಅವನ ಪಾಡು ಶುರುವಾದದ್ದೇ ಆಗ.

ಮರುದಿನ ಊರಿಗೆ ಊರೇ ದಡದಲ್ಲಿ ನೆರೆದಿತ್ತು. ತಮಟೆ ಕಾಯಿಸಿ ಇಟ್ಟಿದ್ದರು. ಊರಗೌಡ ಬಂಡೆಗೆ ಅರಿಶಿನ ಬಳಿದು ಅವನನ್ನು ಕರೆದ. ಈಜುಗಾರ ಬಂಡೆಯ ಮುಂದೆ ಬಂದು ನಿಂತ, ಮುಂದೆ ಹೆಜ್ಜೆ ಬರಲಿಲ್ಲ. ಕೆಸರಿಗೆ ಇಳಿದರೆ ಹೆದರಿದ ಎನ್ನುತ್ತಾರೆ. ಇಳಿದೂ ಸೋತರೆ ಬಂಡೆಯೂ ಇಲ್ಲ, ಪಂದ್ಯವೂ ಇಲ್ಲ. ಹತ್ತಿ ಸೋತರೆ ಬಂಡೆಯ ಮೇಲಿದ್ದೇ ಸೋತ ಎಂಬ ಮಾನವಾದರೂ ಉಳಿಯುತ್ತದೆ. ಅಲ್ಲಿಂದ ಧುಮುಕಿದರೆ ಸೋಲು ಖಂಡಿತ ಎಂದು ಗೊತ್ತಿದ್ದೂ ಅವನ ಕಾಲು ಬಂಡೆಯ ಕಡೆಗೇ ಎಳೆಯುತ್ತಿತ್ತು, ನೋಡು.

"ಯಾಕೋ ನಿಂತೆ? ಹತ್ತು" ಎಂದ ಗೌಡ.

"ಈ ಸಲ ಕೆಸರಿನಿಂದ ಇಳಿಯುತ್ತೇನೆ, ಗೌಡರೇ."

"ತಲೆಗಿಲೆ ಕೆಟ್ಟಿದೆಯೇನೋ? ಮತ್ತೆ ಹತ್ತುವ ಹಾಗಿಲ್ಲ, ಗೊತ್ತು ತಾನೇ?"

"ಗೊತ್ತು."

ಕೆಸರಿಗೆ ಕಾಲಿಟ್ಟ. ಮೊಣಕಾಲಿನವರೆಗೆ ಹೂತುಹೋಯಿತು. ದಡದಲ್ಲಿ ಕಿಸಕ್ಕನೆ ನಗು. "ಬಾರಣ್ಣ, ನಮ್ಮ ಜೊತೆ ನಿಲ್ಲುವ ಕಾಲ ಬಂತಾ?" ಎಂದು ಒಬ್ಬ ಹುಡುಗಾಟಿಕೆಯವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಈಜುಗಾರನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನಿಂತ.

ತಮಟೆ ಬಡಿಯಿತು. ಕೆಸರಿನಿಂದ ಕಾಲು ಕಿತ್ತು ಇಳಿಯುವುದು ಅವನಿಗೆ ಮರೆತೇಹೋಗಿತ್ತು. ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ, ನೀರು ಕುಡಿದ. ಎದ್ದು ನೋಡುವಾಗ ಎಲ್ಲರ ಬೆನ್ನೂ ಮುಂದಿತ್ತು. ಮುಗಿಯಿತು ಕತೆ ಅಂದುಕೊಂಡ. ಆದರೂ ಕೈ ಬೀಸಿದ. ಅಷ್ಟರಲ್ಲಿ ಹೊಟ್ಟೆಯ ಕೆಳಗೆ ಏನೋ ತಳ್ಳಿದ ಹಾಗಾಯಿತು. ಸೆಳವು! ಎಷ್ಟು ವರ್ಷವಾಗಿತ್ತು ಅದು ಮೈಗೆ ತಾಗಿ! ಅವನು ತೋಳಿಗೆ ಬೈಯಲಿಲ್ಲ, ಹಟ ಮಾಡಲಿಲ್ಲ. ಅದು ಒಯ್ದ ಕಡೆಗೆ ಮೈ ಕೊಟ್ಟು ಈಜಿದ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಕೊನೆಗೆ ಉಳಿದವನು ಆ ಹುಡುಗಾಟಿಕೆಯವನೇ. ದಡದ ಹತ್ತಿರ ಇಬ್ಬರ ಕೈಗಳೂ ಒಟ್ಟಿಗೇ ಚಾಚಿದವು, ಯಾರು ಮುಟ್ಟಿದರೆಂದು ನೋಡಲು ಜನ ತುದಿಗಾಲಲ್ಲಿ ನಿಂತರು. ಮೊದಲು ಆಚೆ ದಡದ ಕಲ್ಲಿಗೆ ತಾಗಿದ್ದು ಈಜುಗಾರನ ಬೆರಳು.

ಅವನು ಈಚೆಗೆ ಬಂದಾಗ ಗೌಡನಿಗೆ ಕಣ್ಣಲ್ಲಿ ನೀರು. "ಕಟ್ಟಳೆ ಹಾಳಾಗಲಿ. ಬಂಡೆ ನಿನ್ನದೇ, ಹತ್ತು ಮಾರಾಯ" ಎಂದ. ಈಜುಗಾರ ನಕ್ಕುಬಿಟ್ಟ. "ಅದು ಬಟ್ಟೆ ಒಗೆಯಲಿಕ್ಕೆ ಒಳ್ಳೆಯ ಜಾಗ, ಗೌಡರೇ. ಸೀರೆ ತೇಲಿಹೋಗುವುದಿಲ್ಲ" ಎಂದು ಹುರಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದ.

ಮೇಷ್ಟ್ರು ಕತೆ ನಿಲ್ಲಿಸಿದರು. ಚಿಕ್ಕ ಮಕ್ಕಳು ಹಲಗೆ ಹಿಡಿದು ಗದ್ದಲ ಮಾಡುತ್ತ ಅಂಚಿನ ಲೇನಿಗೆ ಇಳಿಯುತ್ತಿದ್ದರು. ಶಿವಲೀಲಾಳ ಮುಖದಲ್ಲಿ ಅಸಮಾಧಾನವಿತ್ತು. ತನ್ನ ಸೀಟು ಹೋಗುತ್ತಿದೆ, ಈ ಮುದುಕ ಹೊಳೆಯ ಕತೆ ಹೇಳುತ್ತಾನೆ ಎಂದು ಒಳಗೊಳಗೇ ಸಿಟ್ಟು ಬಂದಿತ್ತು.

"ಕತೆಯೇನೋ ಚೆನ್ನಾಗಿದೆ ಮೇಷ್ಟ್ರೇ. ಆದರೆ ಇದು ಹೊಳೆಯಲ್ಲ, ಈಜುಕೊಳ. ಇಲ್ಲಿ ಮರಳದಿಬ್ಬವೂ ಇಲ್ಲ, ಬಂಡೆಯೂ ಇಲ್ಲ."

ಮೇಷ್ಟ್ರು ಕಾಲನ್ನು ನೀರಿನಿಂದ ಮೇಲೆತ್ತಿಕೊಂಡರು.

"ಹಾಗಾದರೆ ಆ ನಡುವಿನ ಲೇನಿನ ಕಟ್ಟೆಯ ಮೇಲೆ ಹಾಸಿರುವ ಟವೆಲು ಯಾರದಮ್ಮ?"