ಬೆಳಕು ಹಿಡಿದು ಹಣೆ ನೋಡಿದ ಮೋನವ್ವ

ಕಣ್ಣಿಗೆ ಕಾಣುವ ದೇವರು ಸೂರ್ಯನಾರಾಯಣನಿಗೆ ಮೊದಲ ಶರಣು. ಕುಲುಮೆಯ ಬೆಂಕಿಯಲ್ಲಿ ಕೂತು ಲೋಹ ಕರಗಿಸುವ ಕಾಳಮ್ಮ ತಾಯಿಗೆ ಶರಣು. ನಮ್ಮ ತಲೆಯೆಂಬ ಗುಡಿ ಕಟ್ಟಿ, ಅದರೊಳಗೆ ಯಾರ ಕಣ್ಣಿಗೂ ಬೀಳದ ಕೋಣೆಗಳನ್ನಿಟ್ಟು, ಅವುಗಳ ಬೀಗದ ಕೈಯನ್ನು ತನ್ನ ಜೋಳಿಗೆಯಲ್ಲೇ ಇಟ್ಟುಕೊಂಡ ಶಿವನಿಗೆ ಶರಣು. ಇನ್ನು ಕೂತವರು ನೆಟ್ಟಗೆ ಕೂಡಿರಿ, ಮೂಗು ಕಟ್ಟಿದವರು ಮೂಗು ಒರೆಸಿಕೊಳ್ಳಿರಿ. ಹೇಳುತ್ತೇನೆ.

ಬಹಳ ಹಿಂದೆ, ಕೃಷ್ಣೆಯ ದಂಡೆಯ ಮೇಲೆ, ಒಂದೂರಿತ್ತು. ಯಾವೂರು ಎಂದು ಕೇಳಿದರೆ ದಂಡೆಯ ಉದ್ದಕ್ಕೂ ಇರುವ ಎಲ್ಲ ಊರಿನವರೂ ನಮ್ಮೂರೇ ಎನ್ನುತ್ತಾರೆ. ನಾನೂ ನಮ್ಮೂರೇ ಎನ್ನುತ್ತೇನೆ. ಆ ಊರಲ್ಲಿ ಮೋನವ್ವ ಎಂಬ ಹೆಣ್ಣುಮಗಳಿದ್ದಳು. ಕಂಚುಗಾರರ ಮನೆಯವಳು. ಗಂಡ ಕಾಳಪ್ಪ ತಾಟು, ತಂಬಿಗೆ, ಗಂಟೆ, ದೇವರ ಮೂರ್ತಿ ಎರಕ ಹೊಯ್ಯುತ್ತಿದ್ದ. ಮೋನವ್ವ ಉಜ್ಜಿ ಹೊಳಪು ಕೊಡುತ್ತಿದ್ದಳು. ಅವಳು ಉಜ್ಜಿದ ಕಂಚಿನ ಕನ್ನಡಿಯಲ್ಲಿ ನೋಡಿಕೊಂಡವರು ತಾವಿದ್ದದ್ದಕ್ಕಿಂತ ಚೆಂದ ಕಾಣುತ್ತಿದ್ದರು ಅಂತಾರೆ.

ಅವಳಿಗೆ ಇನ್ನೊಂದು ಕೆಲಸವಿತ್ತು. ಪೊಳ್ಳು ಮೂರ್ತಿ ಎರಕ ಹೊಯ್ದಾಗ ಹೊಟ್ಟೆಯೊಳಗೆ ಸುಟ್ಟ ಮಣ್ಣು ಉಳಿದುಬಿಡುತ್ತದೆ. ಅದನ್ನು ಸಣ್ಣದೊಂದು ಕಿಂಡಿಯಿಂದ ಬಾಗಿದ ಕಡ್ಡಿ ಇಳಿಸಿ ಹೊರಗೆ ತೆಗೆಯಬೇಕು. ಒಳಗಿನ ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತಿಳಿಯದೆ ತಿವಿದರೆ ದೇವರ ಕೆನ್ನೆಯೇ ತೂತು. ಮೋನವ್ವನ ಕೈಯಲ್ಲಿ ಒಬ್ಬ ದೇವರ ಕೆನ್ನೆಯೂ ತೂತಾಗಲಿಲ್ಲ ಅಂತಾರೆ.

ಒಂದು ಮಧ್ಯಾಹ್ನ ಕಾಳಪ್ಪ ಉಂಡು ನಡುಮನೆಯಲ್ಲಿ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಮಣ್ಣಿನ ಮಾಳಿಗೆಯ ಮನೆ, ಒಳಗೆಲ್ಲ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ ಒಂದು ಕೋಲು ಬಿಸಿಲು ಇಳಿದಿತ್ತು. ಮೋನವ್ವ ಹೊಸ ಕನ್ನಡಿ ಉಜ್ಜುತ್ತ, ಹೊಳಪು ಬಂತೋ ಇಲ್ಲವೋ ನೋಡಲಿಕ್ಕೆ, ಆ ಬಿಸಿಲನ್ನು ಹಿಡಿದು ಅತ್ತ ಇತ್ತ ಆಡಿಸಿದಳು. ಬೆಳಕು ಹೋಗಿ ಗಂಡನ ಹುಬ್ಬಿನ ಬುಡಕ್ಕೆ, ಕಣ್ಣಿನ ಗುಳಿ ಮೂಗಿಗೆ ಸೇರುವ ಮೂಲೆಗೆ ಬಿತ್ತು. ಬಿದ್ದದ್ದೇ ತಡ, ಹುಬ್ಬಿನ ಮೇಲೆ ಅವನ ಹಣೆ ಒಳಗಿನಿಂದ ಕೆಂಪಗೆ ಹೊತ್ತಿಕೊಂಡಿತು. ಮಾವಿನ ಚಿಗುರಿನ ಹಿಂದೆ ದೀಪ ಇಟ್ಟ ಹಾಗೆ.

ಮೋನವ್ವ ಮೊದಲು ಕೈ ಮುಗಿದಳಂತೆ, ಗಂಡನ ಮೈಮೇಲೆ ದೇವರು ಬಂದನೆಂದು. ಆಮೇಲೆ ಇನ್ನೊಂದು ಹುಬ್ಬಿನ ಬುಡಕ್ಕೂ ಬೆಳಕು ಬಿಟ್ಟಳು. ಅಲ್ಲೂ ಹೊತ್ತಿತು, ಆದರೆ ಸಣ್ಣಗೆ. ಕಾಳಪ್ಪ ಎಚ್ಚರಾಗಿ, "ನಿದ್ದೀನೂ ಮಾಡಗೊಡಂಗಿಲ್ಲೇನು?" ಎಂದ.

"ನಿನ್ನ ಹಣ್ಯಾಗ ಎರಡು ಕ್ವಾಣಿ ಅದಾವ," ಎಂದಳು ಮೋನವ್ವ. "ಒಂದು ದೊಡ್ಡದು, ಒಂದು ಸಣ್ಣದು. ಎರಡೂ ಖಾಲಿ."

"ಬಾಡಿಗಿಗೆ ಕೊಡು," ಎಂದು ಕಾಳಪ್ಪ ಮಗ್ಗುಲಾದನಂತೆ.

ಅಂದಿನಿಂದ ಮೋನವ್ವ ಕಂಡಕಂಡವರ ಹಣೆ ನೋಡತೊಡಗಿದಳು. ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ, ಹೋರಿಯ ಕೊಂಬಿನ ತುದಿ ಕೊಯ್ದು ಅದರ ಸಣ್ಣ ಬಾಯಿ ಹುಬ್ಬಿನ ಬುಡಕ್ಕಿಟ್ಟು, ದೊಡ್ಡ ಬಾಯಿಗೆ ಕನ್ನಡಿಯ ಬೆಳಕು ಕೊಡುತ್ತಿದ್ದಳು. ಒಬ್ಬರಂತೆ ಒಬ್ಬರದಿಲ್ಲ. ಒಬ್ಬರಿಗೆ ಕೋಣೆ ಹುಬ್ಬಿನಿಂದ ಕೂದಲ ಗೆರೆಯವರೆಗೆ, ಒಬ್ಬರಿಗೆ ಕಡಲೆಕಾಳಿನಷ್ಟು. ಒಬ್ಬರಿಗೆ ನಡುವಿನ ಗೋಡೆ ನೆಟ್ಟಗೆ, ಒಬ್ಬರಿಗೆ ಸೊಟ್ಟ. ಊರ ಗೌಡನ ಹಣೆ ಅಂಗಳದಷ್ಟು ಅಗಲ. ಅವನು ದೊಡ್ಡ ಆಸೆಯಿಂದ ಬಂದು ಕೂತ. ಎಲ್ಲಿ ಬೆಳಕು ಬಿಟ್ಟರೂ ಹೊತ್ತಲೇ ಇಲ್ಲ.

"ಗೌಡ್ರ, ನಿಮ್ಮದು ಬರೀ ಗ್ವಾಡಿ. ಒಳಗ ಮನಿ ಇಲ್ಲ."

ಗೌಡ ಹೊಟ್ಟೆ ಹಿಡಿದು ನಕ್ಕ. "ನನ್ನ ಹೇಣ್ತಿ ಹೇಳೂದು ಖರೇ ಆತು ಬಿಡು. ಯಾರ ಮಾತೂ ನನ್ನ ತಲ್ಯಾಗ ಹೋಗಂಗಿಲ್ಲಂತ."

ಹಣೆಯೊಳಗೆ ಕಲ್ಲು ಉರುಳಿದಂತೆ ನೋವು, ಬಗ್ಗಿದರೆ ಕಣ್ಣು ಕಿತ್ತು ಬರುವಂಥ ಭಾರ, ವಾಸನೆಯೇ ತಿಳಿಯದ ಮೂಗು, ಇಂಥವರು ಅವಳ ಬಾಗಿಲಿಗೆ ಬರತೊಡಗಿದರು. ಕೋಣೆಯಲ್ಲಿ ಕೀವು ತುಂಬಿದ್ದರೆ ಬೆಳಕು ಮಂಕಾಗಿ, ಕೆಸರಿನೊಳಗಿನ ಕೆಂಡದಂತೆ ಕಾಣುತ್ತಿತ್ತು. ಮೋನವ್ವ ನವಿಲುಗರಿಯ ದಂಟನ್ನು ಬೆಚ್ಚನೆಯ ತುಪ್ಪದಲ್ಲಿ ನೆನೆಸಿ, ಬೇಕಾದಷ್ಟು ಬಾಗಿಸಿ, ಮೂಗಿನೊಳಗಿಂದ ಮೇಲಕ್ಕೆ ಒಯ್ಯುತ್ತಿದ್ದಳು. ಆ ದಾರಿ ಬುಡುಬುಡಿಕೆಯ ನಡುವಿನಂತೆ, ಕೆಳಗೆ ಅಗಲ, ಮೇಲೆ ಅಗಲ, ನಡುವೆ ಇಕ್ಕಟ್ಟು. ಇಕ್ಕಟ್ಟಿನ ಸುತ್ತ ಜೇನುಗೂಡಿನಂಥ ಸಣ್ಣ ಸಣ್ಣ ಗೂಡು. ಯಾವುದೋ ಗೂಡಿಗೆ ಹೊಕ್ಕು ಇದೇ ಕೋಣೆ ಎಂದು ಮೋಸಹೋಗುವುದು ಸುಲಭ. ಒಂದು ಪಕ್ಕ ಕಣ್ಣು, ನಡುವೆ ತತ್ತಿಯ ಸಿಪ್ಪೆಯಷ್ಟು ಗೋಡೆ. ಹಿಂದೆ ಮಿದುಳು, ನಡುವೆ ಉಳ್ಳಾಗಡ್ಡಿಯ ಪದರಿನಷ್ಟು ಗೋಡೆ. ಶಿವ ಅಷ್ಟು ತೆಳು ಗೋಡೆ ಯಾಕಿಟ್ಟ ಎಂದು ಕೇಳಿದವರಿಗೆ, ನಾವು ಸಾವಕಾಶ ನಡೆಯಲಿ ಅಂತ ಇಟ್ಟಾನ ಎನ್ನುತ್ತಿದ್ದಳಂತೆ. ಬೆಳಕಿನಲ್ಲಿ ನೋಡದೆ ಯಾರ ಮೂಗಿಗೂ ದಂಟು ತೋರಿಸುವುದಿಲ್ಲ, ಇದು ಅವಳು ಕಾಳಮ್ಮನ ಮುಂದೆ ಮಾಡಿದ ನೇಮ.

ಆ ಊರಲ್ಲಿ ಅಂಬಿಗರ ಹಂಪವ್ವನಿಗೆ ಇಬ್ಬರು ಮಕ್ಕಳು, ಸಾಬಣ್ಣ ಮತ್ತು ಜಂಬಣ್ಣ. ಅವಳಿಗಳು. ಒಂದೇ ಅಚ್ಚಿನಲ್ಲಿ ಹೊಯ್ದ ಎರಡು ಗಂಟೆಗಳಂತೆ. ಹೆತ್ತ ತಾಯಿಯೇ ಒಬ್ಬನಿಗೆ ಎರಡು ಸಲ ಉಣಿಸಿ ಇನ್ನೊಬ್ಬನನ್ನು ಉಪವಾಸ ಕೆಡವಿದ್ದುಂಟು. ಇಬ್ಬರೂ ಹೊಳೆಯ ತಳ ಮುಟ್ಟಿ ಬರುವ ಮುಳುಗುಗಾರರು. ಒಂದು ವರ್ಷ ಸಾಬಣ್ಣನ ಎಡ ಹುಬ್ಬಿನ ಮೇಲೆ ನೋವು ಕೂತಿತು. ಮೋನವ್ವ ಬೆಳಕಿನಲ್ಲಿ ನೋಡಿದಳು. ಎಡಗಡೆ ದೊಡ್ಡ ಕೋಣೆ, ತುಂಬ ಕೀವು. ಮೂಗಿನ ಎಡ ಹೊರಳೆಯಿಂದ ದಂಟು ಒಯ್ದು ಬಿಡಿಸಿದಳು. ಸಾಬಣ್ಣ ಮರುವಾರವೇ ಹೊಳೆಗೆ ಹಾರಿದ.

ಮರುವರ್ಷ ಶ್ರಾವಣದಲ್ಲಿ ಜಂಬಣ್ಣನ ಸರದಿ. ಅದೇ ಎಡ ಹುಬ್ಬು. ಆದರೆ ಅವನು ನೋವನ್ನು ನಗುತ್ತ ಬಚ್ಚಿಟ್ಟುಕೊಂಡು ಮುಳುಗುತ್ತಲೇ ಹೋದ. ಮೋನವ್ವನಲ್ಲಿಗೆ ಹೊತ್ತು ತರುವ ಹೊತ್ತಿಗೆ ಹಣೆ ಊದಿ, ಎಡಗಣ್ಣು ಮುಚ್ಚಿಹೋಗಿ, ಮೈ ಕೆಂಡವಾಗಿತ್ತು. ಮೋನವ್ವ ಕೈಯಿಟ್ಟು ನೋಡಿದಳು. ಕೀವು ಇನ್ನೊಂದು ದಿನ ಒಳಗೆ ನಿಂತರೆ ಕಣ್ಣಿನ ಗೋಡೆಯನ್ನೋ ಮಿದುಳಿನ ಗೋಡೆಯನ್ನೋ ತಿಂದು ಹೋಗುತ್ತದೆ, ಹುಡುಗ ಉಳಿಯುವುದಿಲ್ಲ ಎಂದು ತಿಳಿಯಿತು.

ಮೇಲೆ ನೋಡಿದಳು. ಆಕಾಶದ ತುಂಬ ಮೋಡ. ಬೆಳಕಿಂಡಿಯಲ್ಲಿ ಬೂದಿಯಷ್ಟೇ ಬೆಳಕು. ಎಣ್ಣೆ ದೀಪ ಹಚ್ಚಿ ಕೊಂಬಿಗೆ ಹಿಡಿದರೆ ಏನೂ ಕಾಣಲಿಲ್ಲ.

ಹಂಪವ್ವ ಅವಳ ಕೈ ಹಿಡಿದುಕೊಂಡಳು. "ಒಂದ ಹೊಟ್ಟ್ಯಾಗ ಮಲಗಿದವರು, ಒಂದ ತೊಟ್ಟಿಲದಾಗ ಆಡಿದವರು. ಅಣ್ಣನ ಹಣಿ ನೋಡೀದಿ. ತಮ್ಮಂದೇನು ಬ್ಯಾರೆ ಇರ್ತದ ಮೋನಕ್ಕ? ಹಾಕು ದಂಟು."

ಕೂಡಿದ ಜನರೆಲ್ಲ ಹೌದು ಹೌದು ಎಂದರು. ಅವಳಿಗಳಿಗೆ ಒಂದೇ ಜ್ವರ, ಒಂದೇ ಮದ್ದು, ಒಬ್ಬನಿಗೆ ಅಂಗಿ ಅಳತೆ ಮಾಡಿ ಇಬ್ಬರಿಗೂ ಹೊಲಿಯುವುದು ಊರ ರೂಢಿ. ಮೋನವ್ವನಿಗೂ ಹಾಗೇ ಅನ್ನಿಸಿತು ಅಂತಾರೆ. ಸಾಬಣ್ಣನಿಗೆ ಬಾಗಿಸಿದಷ್ಟೇ ದಂಟು ಬಾಗಿಸಿದಳು. ಎಡ ಹೊರಳೆಯ ಹತ್ತಿರ ತಂದಳು.

ಆಗ ಆ ಜ್ವರದಲ್ಲೂ ಜಂಬಣ್ಣ ಒಂದು ಕಣ್ಣು ತೆರೆದು, "ಯವ್ವಾ," ಎಂದ, "ಸಾಬಣ್ಣ ಉಂಡ್ರ ನನ್ನ ಹೊಟ್ಟಿ ಎಂದಾರ ತುಂಬೇತೇನು?"

ಮೋನವ್ವನ ಕೈ ನಿಂತಿತು. ದಂಟನ್ನು ತಿರುಗಿ ತುಪ್ಪದ ಬಟ್ಟಲಿಗೆ ಹಾಕಿದಳು. ನೋಡದೆ ಮುಟ್ಟುವುದಿಲ್ಲ ಎಂದಳು.

ಹಂಪವ್ವ ಸಿಟ್ಟಾದಳು. "ನಿನ್ನ ಹೊಟ್ಟ್ಯಾಗಿನ ಕೂಸಾಗಿದ್ರ ಹಿಂಗ ಕೈ ಕಟ್ಟಿ ಕುಂಡ್ರತಿದ್ದೇನು?"

"ನನ್ನ ಕೂಸಂತನ ಕುಂತೀನಿ ಹಂಪವ್ವ. ಬ್ಯಾರೇರ ಕೂಸಾಗಿದ್ರ ಇಷ್ಟೊತ್ತಿಗೆ ಚುಚ್ಚಿ ಎದ್ದು ಹೋಗ್ತಿದ್ದೆ."

ಇಷ್ಟು ಹೇಳಿ ಮೋನವ್ವ ಕಾಳಮ್ಮನ ಮುಂದೆ ಸೆರಗೊಡ್ಡಿದಳು. ಹುಡುಗನನ್ನು ಉಳಿಸು ಎಂದು ಕೇಳಲಿಲ್ಲವಂತೆ. ಒಂದು ಬೊಗಸೆ ಬೆಳಕು ಕೊಡು, ಉಳಿದದ್ದು ನನ್ನ ಕೈಗೆ ಬಿಡು ಎಂದಳಂತೆ.

ಸಾಬಣ್ಣ ಮಾಳಿಗೆ ಹತ್ತಿ ಆಕಾಶ ಕಾಯುತ್ತಿದ್ದ. ಹೊತ್ತು ನೆತ್ತಿಯಿಂದ ಜಾರಿತು. ಒಮ್ಮೆಲೆ ಅವನು ಕೂಗಿದ. ಮೋಡ ಹರಿದಿತ್ತು, ಆದರೆ ಊರ ಮೇಲಲ್ಲ. ಊರಾಚೆಯ ಕಲ್ಲುಗುಡ್ಡದ ನೆತ್ತಿಯ ಮೇಲೆ ಒಂದು ಕಂಬಳಿಯಷ್ಟು ಬಿಸಿಲು ಬಿದ್ದಿತ್ತು. ಹುಡುಗನನ್ನು ಅಲ್ಲಿಗೆ ಹೊತ್ತೊಯ್ಯುವ ಹಾಗಿರಲಿಲ್ಲ, ಅಲುಗಿಸಿದರೆ ಚೀರುತ್ತಿದ್ದ. ಬಿಸಿಲನ್ನು ಇಲ್ಲಿಗೆ ತರುವುದು ಹೇಗೆ?

ಕಾಳಪ್ಪ ಅಂದು ಮಲಗಿರಲಿಲ್ಲ. ಮನೆಯಲ್ಲಿದ್ದ ಕಂಚಿನ ತಾಟುಗಳನ್ನೆಲ್ಲ ತಂದು ಅಂಗಳಕ್ಕೆ ಸುರಿದ. "ಎಲ್ಲಾರೂ ತಂತಮ್ಮ ತಾಟು ತರ್ರಿ," ಎಂದ. "ಉಂಡು ತೊಳೀದವರು ಒರಸಿಕೊಂಡು ತರ್ರಿ."

ಊರೇ ಓಡಿತು ಅಂತಾರೆ. ಸಾಬಣ್ಣ ಎಲ್ಲರಿಗಿಂತ ಮುಂದೆ ಗುಡ್ಡ ಹತ್ತಿ, ಆ ಬಿಸಿಲಿಗೆ ತಾಟು ಒಡ್ಡಿದ. ಅವನ ತಾಟಿನ ಬೆಳಕು ಗುಡ್ಡದ ಬುಡದವರ ತಾಟಿಗೆ ಬಿತ್ತು. ಅಲ್ಲಿಂದ ಬಾವಿಕಟ್ಟೆಯವರಿಗೆ, ಬಾವಿಕಟ್ಟೆಯಿಂದ ಗೌಡನ ಮಾಳಿಗೆಗೆ. ಗೌಡ ತನ್ನ ಅಗಲ ಹಣೆಯ ಮೇಲೆ ಬೆವರು ಸುರಿಸುತ್ತ ದೊಡ್ಡ ಪರಾತ ಎತ್ತಿ ಹಿಡಿದಿದ್ದ. "ಅಲ್ಲಾಡಬ್ಯಾಡ್ರಿ ಗೌಡ್ರ," ಎಂದು ಕಸ ಗುಡಿಸುವಾಕೆ ಗದರಿದರೆ, ಹೂಂ ಎಂದು ಕಂಬದಂತೆ ನಿಂತನಂತೆ. ಕೈಯಿಂದ ಕೈಗೆ ನೀರು ದಾಟಿಸಿದ ಹಾಗೆ ಬೆಳಕು ದಾಟಿಸಿದರು. ಕೊನೆಗೆ ಅದು ಮೋನವ್ವನ ಬೆಳಕಿಂಡಿಯಿಂದ ಒಳಗಿಳಿದು ಅವಳ ಕನ್ನಡಿಗೆ ಬಿತ್ತು. ಸೂರ್ಯದೇವರು ಸಾವಿರ ಕೈಯವನು ಅಂತಾರಲ್ಲ, ಅವತ್ತು ಅವನ ಕೈಗಳಲ್ಲಿ ನಮ್ಮೂರಿನ ತಾಟುಗಳಿದ್ದವು.

ಮೋನವ್ವ ಕೊಂಬನ್ನು ಎಡ ಹುಬ್ಬಿನ ಬುಡಕ್ಕಿಟ್ಟಳು. ಬೆಳಕು ಹೋಯಿತು. ಹಣೆ ಹೊತ್ತಲಿಲ್ಲ. ಮಂಕಾಗಿಯೂ ಹೊತ್ತಲಿಲ್ಲ. ಕಲ್ಲು ಕಲ್ಲೇ. ಅಣ್ಣನಿಗೆ ದೊಡ್ಡ ಕೋಣೆಯಿದ್ದ ಕಡೆ ತಮ್ಮನಿಗೆ ಕೋಣೆಯೇ ಇರಲಿಲ್ಲ. ಅಣ್ಣನ ಅಳತೆಯ ದಂಟು ಆ ದಾರಿಯಲ್ಲಿ ಹೋಗಿದ್ದರೆ ಕೋಣೆ ಹುಡುಕುತ್ತ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ನೆನೆದು ಹಂಪವ್ವ ಮಗನ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೋನವ್ವ ಕೊಂಬನ್ನು ಬಲ ಹುಬ್ಬಿಗೆ ತಂದಳು. ಅಲ್ಲಿ ಮಂಕು ಕೆಂಪು ಎದ್ದಿತು. ಎದ್ದದ್ದು ಬಲಕ್ಕೆ ನಿಲ್ಲದೆ, ಮೂಗಿನ ಗೆರೆ ದಾಟಿ, ಎಡ ಹುಬ್ಬಿನ ಮೇಲಿನವರೆಗೂ ಹಬ್ಬಿತು. ನಡುಗೋಡೆ ಪೂರಾ ಎಡಕ್ಕೆ ಸರಿದು, ಬಲದ ಕೋಣೆಯೇ ಎರಡೂ ಕಡೆಯ ಜಾಗ ಹಿಡಿದುಕೊಂಡಿತ್ತು. ನೋವು ಎಡಕ್ಕೆ, ಬಾಗಿಲು ಬಲಕ್ಕೆ.

ಹಳೆಯ ದಂಟು ಎಸೆದು ಹೊಸದು ಬಾಗಿಸಿದಳು. ಬಲ ಹೊರಳೆಯಿಂದ, ಉಸಿರು ಬಿಗಿಹಿಡಿದು, ಇಕ್ಕಟ್ಟಿನವರೆಗೆ ಹೋದಳು. ತಡೆದರೆ ನಿಂತಳು, ಹಿಂದೆ ಬಂದಳು, ಮತ್ತೆ ಹೋದಳು. ಒಮ್ಮೆಯೂ ಒತ್ತಲಿಲ್ಲ. ಆ ಬಾಗಿಲು ಒಡೆದು ತೆರೆಯುವಂಥದ್ದಲ್ಲ. ಕೊನೆಗೆ ದಂಟು ತಾನೇ ಜಾರಿ ಒಳಗೆ ಹೋಯಿತು, ಜಂಬಣ್ಣ ಮಾಳಿಗೆ ಅಲುಗುವಂತೆ ಸೀನಿದ, ಕೀವೆಲ್ಲ ಬಟ್ಟಲಿಗೆ ಇಳಿಯಿತು.

ಹೊರಗೆ ತಾಟು ಹಿಡಿದವರಿಗೆ ಸೀನು ಕೇಳಿಸಿತು. ಗುಡ್ಡದಿಂದ ಮಾಳಿಗೆಯವರೆಗೆ ಎಲ್ಲರೂ ತಾಟು ಬಡಿದರು.

ಮುಸ್ಸಂಜೆಯಾಗುವ ಹೊತ್ತಿಗೆ ಜ್ವರ ಇಳಿದು ಎಡಗಣ್ಣು ಅರೆ ತೆರೆಯಿತು. ಎದುರಿಗೆ ಸಾಬಣ್ಣ ಅತ್ತೂ ಅತ್ತೂ ಮೂಗು ಮುಖ ಊದಿಸಿಕೊಂಡು ಕೂತಿದ್ದ. ಜಂಬಣ್ಣ ಅವನನ್ನೇ ದಿಟ್ಟಿಸಿ, "ಯಪ್ಪಾ, ಅತ್ರ ನಮ್ಮ ಮಾರಿ ಇಷ್ಟು ಕೆಟ್ಟ ಕಾಣ್ತದೇನು," ಎಂದ. ಹಂಪವ್ವ ಅಂದು ನಕ್ಕ ನಗೆ ಹೊಳೆಯ ಆಚೆ ದಂಡೆಗೆ ಕೇಳಿಸಿತು ಅಂತಾರೆ.

ಮೋನವ್ವ ಶಿವನ ಪಾದ ಸೇರಿ ಎಷ್ಟೋ ತಲೆಮಾರು ಕಳೆದವು. ಮೊನ್ನೆ ನನ್ನ ತಂಗಿಯ ಮಗಳಿಗೆ ಇದೇ ಹಣೆಯ ಬೇನೆ ಬಂದು ಪಟ್ಟಣದ ಆಸ್ಪತ್ರೆಗೆ ಹೋದೆವು. ಈಗ ಮೂಗಿನೊಳಗೆ ಸಣ್ಣ ದುರ್ಬೀನು ಇಳಿಸಿ, ನೋಡುತ್ತಲೇ ಕೆಲಸ ಮಾಡುತ್ತಾರೆ. ಅದಕ್ಕೂ ಮುಂಚೆ ಡಾಕ್ಟರಮ್ಮ ಅವಳ ತಲೆಯ ಚಿತ್ರವನ್ನು ಹೋಳು ಹೋಳಾಗಿ ತೆಗೆಸಿ, ಪರದೆಯ ಮೇಲೆ ಬಹಳ ಹೊತ್ತು ನೋಡಿದರು. ಎಲ್ಲಿ ಕಣ್ಣು, ಎಲ್ಲಿ ಮಿದುಳು, ದಾರಿ ಎಲ್ಲಿ ಇಕ್ಕಟ್ಟು ಎಂದು ಬೆರಳಿಟ್ಟು ತೋರಿಸಿದರು. ಒಬ್ಬರಂತೆ ಒಬ್ಬರದಿರುವುದಿಲ್ಲ ಅಜ್ಜಾ, ಮೊದಲು ನೋಡಿಕೊಳ್ಳಬೇಕು ಎಂದರು. ನಾನು ಅಲ್ಲೇ ಕೈ ಮುಗಿದೆ. ಹುಡುಗಿ ಈಗ ಮಲ್ಲಿಗೆ ಮುಡಿದು ಅದರ ವಾಸನೆ ಹೇಳುತ್ತಾಳೆ.

ಹೊಳೆಯ ದಂಡೆಯ ಊರುಗಳಲ್ಲಿ ಇಂದಿಗೂ ಅವಳಿ ಮಕ್ಕಳಿಗೆ ಒಂದೇ ಅಳತೆಯ ಅಂಗಿ ಹೊಲಿಯುವುದಿಲ್ಲ. ಒಬ್ಬನನ್ನು ನಿಲ್ಲಿಸಿ ಅಳೆದ ಮೇಲೆ ಇನ್ನೊಬ್ಬನನ್ನೂ ನಿಲ್ಲಿಸಿ ಅಳೆಯುತ್ತಾರೆ. ಶ್ರಾವಣದ ಮೋಡ ಹರಿದು ಮೊದಲ ಬಿಸಿಲು ಬಿದ್ದ ದಿನ ಹೆಂಗಸರು ಕಂಚಿನ ತಾಟು ಹುಣಸೆಹಣ್ಣು ಹಚ್ಚಿ ಬೆಳಗಿ ಮಾಳಿಗೆ ಹತ್ತುತ್ತಾರೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಬೆಳಕು ದಾಟಿಸುತ್ತಾರೆ. ಹಾಸಿಗೆ ಹಿಡಿದವರ ಮನೆ ಇದ್ದರೆ ಎಲ್ಲ ತಾಟುಗಳ ಬೆಳಕೂ ಮೊದಲು ಅವರ ಬೆಳಕಿಂಡಿಗೆ ಹೋಗಬೇಕು. ಹೋದ ಮೇಲೆಯೇ ಉಳಿದವರ ಆಟ.

ಕೂತು ಕೇಳಿದ ನಿಮ್ಮ ಹಣೆ ತಂಪಾಗಿರಲಿ. ಉಸಿರಿನ ದಾರಿ ತೆರೆದಿರಲಿ. ನಿಮ್ಮನ್ನು ಮುಟ್ಟುವ ಕೈಗೆ ದೇವರು ಮೊದಲು ಬೆಳಕು ಕೊಡಲಿ, ಆಮೇಲೆ ಧೈರ್ಯ ಕೊಡಲಿ. ನಿದ್ದೆ ಹೋದವರಿಗೂ ಇದೇ ಹರಕೆ. ಶರಣು ಶರಣು.